ಪ್ರಜೆಗಳು ಬೇಕಾಗಿದ್ದಾರೆ, ಬರೋದು ಕಡ್ಡಾಯ ಇಲ್ಲ

ಕೆರಿಬಿಯನ್ ಸಮುದ್ರದಲ್ಲಿ ಡೊಮಿನಿಕಾ ಅಂತ ಒಂದು ಗಣರಾಜ್ಯ ಇದೆ. ಅಲ್ಲಿ ಸೈನ್ಯ ಇಲ್ಲ, ಆದ್ರೆ ಮಿಲಿಟರಿಯವ್ರ ಥರ ಹಸಿರು ಮಚ್ಚೆ ಮಚ್ಚೆ ಪ್ಯಾಂಟ್ ಹಾಕ್ಕೊಂಡು ಬೀದಿಗೆ ಬಂದ್ರೆ ಕಾನೂನು ಪ್ರಕಾರ ತಪ್ಪು. ಮತದಾರರ ಪಟ್ಟಿ ಇದೆ, ಅದು ದೇಶದ ಜನಸಂಖ್ಯೆಗಿಂತ ಉದ್ದ. ಪೌರತ್ವ ಇದೆ, ಅದಕ್ಕೊಂದು ರೇಟ್ ಕಾರ್ಡೂ ಇದೆ. ಯಾರೋ ಕೆಲಸ ಇಲ್ದೆ ಕೂತು ಕಟ್ಟಿದ ಕಥೆ ಅಂದ್ಕೋಬೇಡಿ ಸ್ವಾಮಿ, ಈ ದೇಶಕ್ಕೆ ವಿಶ್ವಸಂಸ್ಥೆಯಲ್ಲಿ ಕುರ್ಚಿ ಇದೆ, ಜನರಲ್ ಅಸೆಂಬ್ಲಿಲಿ ನಮ್ಮ 140 ಕೋಟಿ ಜನಕ್ಕೆ ಎಷ್ಟು ವೋಟೋ ಅವರ ಸುಮಾರು 70 ಸಾವಿರ ಜನಕ್ಕೂ ಅಷ್ಟೇ, ಒಂದು.

ಮೊದ್ಲೇ ಹೇಳ್ಬಿಡ್ತೀನಿ, ಡೊಮಿನಿಕನ್ ರಿಪಬ್ಲಿಕ್ ಬೇರೆ, ಇದು ಬೇರೆ. ಇದು 750 ಚದರ ಕಿಲೋಮೀಟರ್, ನಮ್ಮ ಕೊಡಗು ಜಿಲ್ಲೆಯ ಐದನೇ ಒಂದು ಪಾಲೂ ಆಗಲ್ಲ. ಬರೀ ಬೆಟ್ಟ, ಕಾಡು, ಮಳೆ. ದಿನಕ್ಕೊಂದರ ಲೆಕ್ಕದಲ್ಲಿ 365 ಹೊಳೆ ಇವೆ ಅಂತ ಅಲ್ಲಿಯವ್ರು ಹೇಳ್ಕೋತಾರೆ, ಎಣಿಸಿದ ಪುಣ್ಯಾತ್ಮ ಯಾರೋ. 1978ರ ನವೆಂಬರ್ 3ಕ್ಕೆ ಬ್ರಿಟಿಷರಿಂದ ಸ್ವಾತಂತ್ರ್ಯ ಸಿಕ್ತು, ಪಕ್ಕದ ಎಷ್ಟೋ ದ್ವೀಪಗಳು ಲಂಡನ್ನಿನ ರಾಣೀನೇ ಮುಖ್ಯಸ್ಥೆ ಅಂತ ಇಟ್ಕೊಂಡ್ರೆ ಇವ್ರು ಮೊದಲ ದಿನದಿಂದ್ಲೇ ಗಣರಾಜ್ಯ. ಆ ಗಣರಾಜ್ಯ ನಡೆದು ಬಂದ ದಾರೀನ ನೋಡ್ತಾ ಹೋದ್ರೆ ನನಗೆ ಎದ್ದು ಕಾಣೋದು ಒಂದೇ ಸೂತ್ರ: ದ್ವೀಪದಲ್ಲಿ ಇರೋರಿಗೆ ಕಾನೂನು, ದ್ವೀಪಕ್ಕೆ ಬರದೇ ಇರೋರಿಗೆ ಮರ್ಯಾದೆ.

ಇರೋರ ಕಥೆಯಿಂದ ಶುರು ಮಾಡೋಣ. 1974ರಲ್ಲಿ, ಸ್ವಾತಂತ್ರ್ಯಕ್ಕೆ ಇನ್ನೂ ನಾಲ್ಕು ವರ್ಷ ಇದ್ದಾಗ, ಪ್ಯಾಟ್ರಿಕ್ ಜಾನ್ ಅನ್ನೋರ ಸರ್ಕಾರ ಒಂದು ಕಾನೂನು ತಂತು. ಜನ ಅದನ್ನ ಕರೆಯೋದು ಡ್ರೆಡ್ ಆಕ್ಟ್ ಅಂತ. ತಲೆಕೂದ್ಲು ಜಡೆಗಟ್ಟಿಸ್ಕೊಂಡು, ಊರು ಬಿಟ್ಟು ಕಾಡು ಸೇರಿದ್ದ ಹುಡುಗರಿಗೆ ಅಲ್ಲಿ ಡ್ರೆಡ್ ಅಂತಿದ್ರು. ಕೆಲವು ಕೊಲೆ ಕೇಸಲ್ಲಿ ಅವರ ಹೆಸರು ಬಂದಿದ್ದು ನಿಜ, ಜನರಿಗೆ ಭಯ ಇದ್ದಿದ್ದೂ ನಿಜ. ಸರಿ, ಪೊಲೀಸರನ್ನ ಜಾಸ್ತಿ ಮಾಡ್ತಾರೆ, ತನಿಖೆ ಮಾಡ್ತಾರೆ ಅಂದ್ಕೋತೀವಲ್ವಾ? ಇಲ್ಲ. ಅಂಥವರನ್ನ ವಾರಂಟ್ ಇಲ್ದೆ ಹಿಡೀಬಹುದು, ಬೇಲ್ ಕೊಡಂಗಿಲ್ಲ, ಯಾರದಾದ್ರೂ ಮನೆಯೊಳಗೆ ಅಕ್ರಮವಾಗಿ ಸಿಕ್ಕಿದ್ರೆ ಕೊಂದವನ ಮೇಲೂ ಕೇಸ್ ಹಾಕೋ ಹಾಗಿಲ್ಲ ಅಂತ ಬರೆದ್ರು. ಅಪರಾಧಿ ಯಾರು ಅನ್ನೋದಕ್ಕೆ ಕಣ್ಣಿಗೆ ಬೀಳೋ ಸಾಕ್ಷಿ ಅಂದ್ರೆ ಕೂದ್ಲು. ಆ ಕಾಲದಲ್ಲಿ ಆ ದ್ವೀಪದಲ್ಲಿ ಪ್ರಾಣ ಉಳಿಸ್ತಿದ್ದೋರು ಡಾಕ್ಟರಿಗಿಂತ ಕ್ಷೌರಿಕರೇ ಜಾಸ್ತಿ ಇರ್ಬೇಕು.

ಇದೇ ಪ್ಯಾಟ್ರಿಕ್ ಜಾನ್ ಸ್ವತಂತ್ರ ದೇಶದ ಮೊದಲ ಪ್ರಧಾನಿ ಆದ್ರು. ಕೂದ್ಲು ಬೆಳೆಸಿದ ಸ್ವಂತ ಊರಿನ ಹುಡುಗರ ಮೇಲೆ ಇಷ್ಟು ಸಿಟ್ಟಿದ್ದ ಮನುಷ್ಯನಿಗೆ ಹೊರಗಿನವ್ರ ಮೇಲೆ ಎಂಥಾ ವಿಶ್ವಾಸ ಅಂದ್ರೆ, ದ್ವೀಪದ ಉತ್ತರದಲ್ಲಿ ದೊಡ್ಡ ಜಾಗಾನ ಟೆಕ್ಸಾಸ್‌ನ ಒಬ್ಬ ಉದ್ಯಮಿಗೆ 99 ವರ್ಷ ಲೀಸ್‌ಗೆ ಕೊಡೋಕೆ ಹೊರಟ್ರು. ಜನ ಗಲಾಟೆ ಮಾಡಿದ ಮೇಲೆ ಅದು ನಿಂತೋಯ್ತು. ಆಮೇಲೆ 1979ರಲ್ಲಿ ಮುಷ್ಕರಕ್ಕೂ ಪತ್ರಿಕೆಗಳಿಗೂ ಮೂಗುದಾರ ಹಾಕೋ ಮಸೂದೆ ತಂದ್ರು, ಮೇ 29ರಂದು ಜನ ಬೀದಿಗಿಳಿದ್ರು, ಸೈನ್ಯ ಗುಂಡು ಹಾರಿಸ್ತು, ಇಡೀ ದೇಶ ಬಂದ್ ಆಯ್ತು. ಅಧ್ಯಕ್ಷರು ಗಂಟುಮೂಟೆ ಕಟ್ಟಿ ಇಂಗ್ಲೆಂಡಿಗೆ ಹೊರಟೋದ್ರು. ಅವರ ಜಾಗಕ್ಕೆ ಬಂದ ಹಂಗಾಮಿ ಅಧ್ಯಕ್ಷರು ಒಂದೇ ದಿನಕ್ಕೆ ರಾಜೀನಾಮೆ ಕೊಟ್ರು. ಕೊನೆಗೆ ಪ್ರಧಾನಿ ಕುರ್ಚೀನೂ ಹೋಯ್ತು.

ಕುರ್ಚಿ ಹೋದವ್ರು ಏನ್ಮಾಡ್ತಾರೆ, ಪಾದಯಾತ್ರೆ ಮಾಡ್ತಾರೆ, ಪಾರ್ಟಿ ಬದಲಾಯಿಸ್ತಾರೆ, ಮಗನನ್ನ ನಿಲ್ಲಿಸ್ತಾರೆ. ಈ ಯಜಮಾನ್ರು ಅಮೆರಿಕದ ಕೂ ಕ್ಲಕ್ಸ್ ಕ್ಲಾನ್ ಜೊತೆ ನಂಟಿರೋ ಬಾಡಿಗೆ ಬಂಟರ ಜೊತೆ ಸೇರ್ಕೊಂಡ್ರು. ಮತ್ತೊಂದ್ಸಲ ಓದಿ, ನಾನೂ ಮತ್ತೊಂದ್ಸಲ ಓದಿದೀನಿ. ಕಪ್ಪು ಜನರ ದೇಶದ ಕಪ್ಪು ಮಾಜಿ ಪ್ರಧಾನಿಯನ್ನ ವಾಪಸ್ ಕುರ್ಚಿ ಮೇಲೆ ಕೂರಿಸೋಕೆ, ಕಪ್ಪು ಜನರನ್ನ ಮನುಷ್ಯರು ಅಂತಾನೇ ಒಪ್ಪದ ಬಿಳಿಯರ ಸಂಘದವ್ರು. ಅವರಲ್ಲಿ ಹಿಟ್ಲರ್ ಭಕ್ತರೂ ಇದ್ರು. ಮೊದಲು ಅವರ ಕಣ್ಣಿದ್ದಿದ್ದು ಗ್ರೆನಡಾ ಮೇಲಂತೆ, ಆಮೇಲೆ ಪ್ಲಾನ್ ಬದಲಾಯಿಸಿ ಇಲ್ಲಿಗೆ ತಿರುಗಿಸ್ಕೊಂಡ್ರು, ಸಿದ್ಧಾಂತ ಅಂದ್ರೆ ಇದು. ದೋಣಿ ಬಾಡಿಗೆಗೆ ಮಾತಾಡಿದ್ರು, ಬಂದೂಕು ತುಂಬಿದ್ರು, ಸ್ವಸ್ತಿಕದ ನಾಜಿ ಬಾವುಟಾನೂ ಇಟ್ಕೊಂಡ್ರು. ಆದ್ರೆ ದೋಣಿ ಕ್ಯಾಪ್ಟನ್ ಹೋಗಿ ಅಮೆರಿಕದ ಅಧಿಕಾರಿಗಳಿಗೆ ಹೇಳ್ಬಿಟ್ಟಿದ್ದ. 1981ರ ಏಪ್ರಿಲ್ 27ಕ್ಕೆ ನ್ಯೂ ಆರ್ಲಿಯನ್ಸ್ ಹತ್ರಾನೇ ಹತ್ತು ಜನ ಸಿಕ್ಕಿಬಿದ್ರು. ದೇಶದ ಅತಿ ದೊಡ್ಡ ದಂಗೆ ಕೂಡ ದೇಶಕ್ಕೆ ಬರಲಿಲ್ಲ ನೋಡಿ, ಮೂರು ಸಾವಿರ ಕಿಲೋಮೀಟರ್ ಆಚೆಗೇ ಮುಗ್ದೋಯ್ತು.

ಸಂಚಲ್ಲಿ ಸ್ವಂತ ಸೈನ್ಯದವ್ರೂ ಇದ್ರು ಅಂತ ಗೊತ್ತಾಗಿ, ಆಗ ಪ್ರಧಾನಿಯಾಗಿದ್ದ ಯುಜೀನಿಯಾ ಚಾರ್ಲ್ಸ್ ಮೇಡಂ ಇಡೀ ಸೈನ್ಯಾನೇ ಬರ್ಖಾಸ್ತ್ ಮಾಡಿದ್ರು. ಡ್ರೆಡ್ ಕಾನೂನೂ ಅವರ ಕಾಲದಲ್ಲೇ ಹೋಯ್ತು. ಕೆರಿಬಿಯನ್ನಿನ ಉಕ್ಕಿನ ಮಹಿಳೆ ಅಂತ ಹೆಸರು, ಹೆಸರಿಗೆ ತಕ್ಕ ಹಾಗೆ ಒಂದೇ ಏಟಿಗೆ ಕೆಲಸ. ಇವತ್ತಿಗೂ ಅಲ್ಲಿ ಪೊಲೀಸರಷ್ಟೇ. ಆದ್ರೆ ಮಚ್ಚೆ ಪ್ಯಾಂಟಿನ ನಿಷೇಧ ಹಾಗೇ ಇದೆ, ಅಕ್ಕಪಕ್ಕದ ಹಲವು ದ್ವೀಪಗಳಲ್ಲೂ ಇದೆ, ಗೊತ್ತಿಲ್ದೆ ಹಾಕ್ಕೊಂಡು ಹೋದ ಟೂರಿಸ್ಟುಗಳು ಹಡಗಿಗೆ ವಾಪಸ್ ಹೋಗಿ ಬದಲಾಯಿಸ್ಕೊಂಡು ಬರ್ಬೇಕು. ಸೈನ್ಯ ಇರೋ ದೇಶದಲ್ಲಿ ಸೈನಿಕ ಅಂತ ತಪ್ಪು ತಿಳ್ಕೊಳ್ಳೋ ಭಯ ಇರುತ್ತೆ, ಅರ್ಥ ಆಗುತ್ತೆ. ಇಲ್ಲಿ ಯಾರು ಅಂತ ತಪ್ಪು ತಿಳ್ಕೊಳ್ಳೋದು?

ಈಗ ಬರದೇ ಇರೋರ ಕಥೆಗೆ ಬರೋಣ, ದುಡ್ಡಿರೋದು ಅಲ್ಲೇ.

ಡೊಮಿನಿಕಾದವ್ರು ಮೊದಲು ಬಾಳೆಹಣ್ಣು ಮಾರ್ತಿದ್ರು. ಬ್ರಿಟನ್, ಯುರೋಪು ತಮ್ಮ ಹಳೇ ವಸಾಹತುಗಳ ಹಣ್ಣಿಗೆ ವಿಶೇಷ ರಿಯಾಯ್ತಿ ಕೊಡ್ತಿದ್ವು, ಗುಡ್ಡದ ಇಳಿಜಾರಲ್ಲಿ ಎರಡು ಮೂರು ಎಕರೆ ಇಟ್ಕೊಂಡ ಸಣ್ಣ ರೈತ್ರು ಅದರಲ್ಲೇ ಬದುಕ್ತಿದ್ರು. ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ಹೋಗಿ ಇದು ಅನ್ಯಾಯ ಅಂತು. ಅಮೆರಿಕದಲ್ಲಿ ಬಾಳೆ ಬೆಳೆಯೋದು ಅಷ್ಟಕ್ಕಷ್ಟೇ, ಆದ್ರೆ ಲ್ಯಾಟಿನ್ ಅಮೆರಿಕದಲ್ಲಿ ಬೆಳೆದು ಮಾರೋ ದೊಡ್ಡ ಕಂಪನಿಗಳು ಅಮೆರಿಕದವು. 1997ರಲ್ಲಿ ತೀರ್ಪು ಅವರ ಪರ ಬಂತು, ಬಾಳೆ ಬದುಕು ಕುಸಿದು ಹೋಯ್ತು. ಅಷ್ಟರಲ್ಲಿ ಇವರ ಹತ್ರ ಇನ್ನೊಂದು ಬೆಳೆ ರೆಡಿ ಇತ್ತು, 1993ರಲ್ಲೇ ನೆಟ್ಟಿದ್ದು. ಅದಕ್ಕೆ ಮಳೆ ಬೇಡ, ಗೊಬ್ಬರ ಬೇಡ, ಕೂಲಿ ಬೇಡ, ಚಂಡಮಾರುತ ಬಂದ್ರೆ ಬಗ್ಗಲ್ಲ. ಪಾಸ್‌ಪೋರ್ಟ್.

ದುಡ್ಡು ಕೊಟ್ರೆ ಪ್ರಜೆ. ಅಲ್ಲಿ ವಾಸ ಮಾಡ್ಬೇಕು ಅಂತಿಲ್ಲ, ಅಲ್ಲಿಯ ಮಾತು ಕಲೀಬೇಕು ಅಂತಿಲ್ಲ, ವಿಮಾನ ಹತ್ತಿ ಒಂದ್ಸಲ ಹೋಗಿ ನಮಸ್ಕಾರ ಹಾಕಿ ಬರ್ಬೇಕು ಅಂತಾನೂ ಇಲ್ಲ. ಹೋಗ್ತೀನಿ ಅಂದ್ರೂ ಸುಲಭ ಇರ್ಲಿಲ್ಲ ಬಿಡಿ, ಅಮೆರಿಕದಿಂದ ನೇರ ವಿಮಾನ ಶುರುವಾಗಿದ್ದೇ 2021ರ ಡಿಸೆಂಬರಲ್ಲಿ, ಅದೂ ಮಯಾಮಿಯಿಂದ. ಈಗ ಪಾಸ್‌ಪೋರ್ಟ್ ಮಾರಿದ ದುಡ್ಡಲ್ಲೇ ದೊಡ್ಡ ಇಂಟರ್‌ನ್ಯಾಷನಲ್ ಏರ್‌ಪೋರ್ಟ್ ಕಟ್ತಿದ್ದಾರೆ. ಬರೋದೇ ಬೇಡ ಅನ್ನೋ ಷರತ್ತಿನ ಮೇಲೆ ದುಡ್ಡು ಕೊಟ್ಟವ್ರ ದುಡ್ಡಲ್ಲಿ, ಬರೋರಿಗಾಗಿ ಏರ್‌ಪೋರ್ಟ್.

ನ್ಯಾಯವಾಗಿ ಒಂದು ಮಾತು ಹೇಳ್ಬೇಕು, 2017ರ ಸೆಪ್ಟೆಂಬರ್ 18ಕ್ಕೆ ಮರಿಯಾ ಚಂಡಮಾರುತ ಬಂದಾಗ ಪ್ರಧಾನಿ ಮನೆ ಛಾವಣಿಯೇ ಹಾರಿಹೋಗಿತ್ತು, ಅವರು ಆ ರಾತ್ರಿ ಫೇಸ್‌ಬುಕ್ಕಲ್ಲಿ ಅದನ್ನ ಹಾಕಿದ್ರು. ದೇಶದ ಒಂದು ವರ್ಷದ ಉತ್ಪನ್ನದ ಎರಡು ಪಟ್ಟಿಗೂ ಜಾಸ್ತಿ ನಷ್ಟ. ಆ ಹೊತ್ತಲ್ಲಿ ಮನೆ ಕಟ್ಟೋಕೆ ಆಗಿದ್ದು ಈ ಪಾಸ್‌ಪೋರ್ಟ್ ದುಡ್ಡೇ. ಸಾಲ ಕೊಡೋರು ಸತಾಯಿಸ್ತಾರೆ, ಹವಾಮಾನ ಕೆಡಿಸಿದ ದೊಡ್ಡ ದೇಶಗಳು ಭಾಷಣ ಕೊಡ್ತವೆ, ಹಾಗಾಗಿ ಇದ್ದಿದ್ದನ್ನ ಮಾರಿದ್ರು. ಇದ್ದಿದ್ದು ಹೆಸರೊಂದೇ.

ಆದ್ರೆ ಮಾರ್ಕೆಟ್ ಅಂದ್ಮೇಲೆ ಪಕ್ಕದ ಅಂಗಡಿಯವ್ರು ಸುಮ್ನಿರ್ತಾರಾ. ಈ ಧಂದೆ ಶುರು ಮಾಡಿದ್ದೇ ಸೇಂಟ್ ಕಿಟ್ಸ್, 1984ರಲ್ಲಿ, ಸ್ವಾತಂತ್ರ್ಯ ಬಂದ ಮರುವರ್ಷ. 2005ರಲ್ಲಿ ಅವರ ಕಬ್ಬಿನ ಉದ್ಯಮ ಬಾಗಿಲು ಹಾಕ್ತು, ಆಮೇಲೆ ಸಕ್ಕರೆ ಬದಲಿಗೆ ಪೂರ್ತಿ ಪೌರತ್ವಾನೇ. ಆಂಟಿಗುವಾ, ಗ್ರೆನಡಾ, ಸೇಂಟ್ ಲೂಸಿಯಾ ಒಂದೊಂದಾಗಿ ಶಟರ್ ಎತ್ತಿದ್ವು. ಸೇಂಟ್ ಲೂಸಿಯಾದವ್ರು ಶುರುವಲ್ಲಿ ಭಾರೀ ಗತ್ತು ತೋರಿಸಿದ್ರು, ವರ್ಷಕ್ಕೆ 500 ಜನಕ್ಕಷ್ಟೇ, ಅದೂ 30 ಲಕ್ಷ ಡಾಲರ್ ಆಸ್ತಿ ತೋರಿಸಿದವ್ರಿಗೆ ಮಾತ್ರ ಅಂದ್ರು. ವರ್ಷ ಕಳೆಯೋದ್ರಲ್ಲಿ ಎರಡೂ ಷರತ್ತು ಮಾಯ, ರೇಟೂ ಇಳೀತು. ಇನ್ನು ಸೇಂಟ್ ಕಿಟ್ಸ್, 2017ರಲ್ಲಿ ಚಂಡಮಾರುತಗಳು ಬಂದು ಹೋದ್ಮೇಲೆ ಚಂಡಮಾರುತ ಪರಿಹಾರ ನಿಧಿ ಅಂತ ಮಾಡಿ ಒಂದೂವರೆ ಲಕ್ಷ ಡಾಲರ್‌ಗೆ ಡಿಸ್ಕೌಂಟ್ ಬಿಡ್ತು, ನಿಜವಾಗಿ ನೆಲಕಚ್ಚಿದ್ದ ದ್ವೀಪಗಳು ಬಾಯಿ ಬಾಯಿ ಬಿಟ್ಕೊಂಡು ನೋಡ್ತಿದ್ವು. ಕೋವಿಡ್ ಬಂದಾಗ ನಾಲ್ಕು ಜನರ ಫ್ಯಾಮಿಲಿಗೆ 1,95,000 ಇದ್ದಿದ್ದು 1,50,000, ಲಿಮಿಟೆಡ್ ಪೀರಿಯಡ್. ನಮ್ಮ ಚಿಕ್ಕಪೇಟೆಯ ಆಷಾಢ ಸೇಲ್‌ಗೂ ಇದಕ್ಕೂ ಇರೋ ವ್ಯತ್ಯಾಸ ಅಂದ್ರೆ ಅಲ್ಲಿ ಸೀರೆ ಬಿಚ್ಚಿ ತೋರಿಸ್ತಾರೆ.

ಆಂಟಿಗುವಾದ್ದು ಇನ್ನೂ ಚೆಂದ. ಆರು ಜನ ಅಥವಾ ಜಾಸ್ತಿ ಇರೋ ಫ್ಯಾಮಿಲಿ ಯೂನಿವರ್ಸಿಟಿ ಫಂಡ್‌ಗೆ ದುಡ್ಡು ಕಟ್ಟಿದ್ರೆ ಎಲ್ಲರಿಗೂ ಪೌರತ್ವ, ಜೊತೆಗೆ ಮನೇಲಿ ಒಬ್ಬರಿಗೆ ವೆಸ್ಟ್ ಇಂಡೀಸ್ ಯೂನಿವರ್ಸಿಟೀಲಿ ಒಂದು ವರ್ಷದ ಫೀಸ್ ಫ್ರೀ. ನಮ್ಮಲ್ಲಿ ದುಡ್ಡು ಕೊಟ್ರೆ ಸೀಟು ಕೊಡ್ತಾರೆ, ಅವರು ಸೀಟಿನ ಜೊತೆ ದೇಶಾನೂ ಕೊಡ್ತಾರೆ. ಮತ್ತೆ ಅಲ್ಲಿ ವಾಸದ ಷರತ್ತೂ ಇಟ್ಟಿದ್ರು, ಐದು ವರ್ಷಕ್ಕೆ ಐದು ದಿನ. ನಮ್ಮ ಕೆಲವು ಶಾಸಕರು ಕ್ಷೇತ್ರದಲ್ಲಿ ಕಾಣಿಸ್ಕೊಳ್ಳೋ ಲೆಕ್ಕ ನೋಡಿ ಇಟ್ಟ ಹಾಗಿದೆ.

ಇರೋರಿಗೆ ಕಾನೂನು ಅಂದ್ನಲ್ಲ, ಸೇಂಟ್ ಕಿಟ್ಸ್‌ನಲ್ಲಿ ನಾಲ್ಕು ಜನರೆದುರು ಕೆಟ್ಟ ಮಾತು ಆಡಿದ್ರೆ ಅಪರಾಧ. 2016ರಲ್ಲಿ ಅಮೆರಿಕದ ರ‍್ಯಾಪರ್ ಫಿಫ್ಟಿ ಸೆಂಟ್ ಅಲ್ಲಿ ಶೋ ಕೊಡೋಕೆ ಬಂದು, ಸ್ಟೇಜ್ ಮೇಲೆ ತನ್ನ ಹಾಡನ್ನ ಹಾಡಿ, ಅದರಲ್ಲಿದ್ದ ಒಂದು ಬೈಗುಳಕ್ಕೆ ಅರೆಸ್ಟ್ ಆಗಿ, 1,100 ಡಾಲರ್ ದಂಡ ಕಟ್ಟಿ ಹೋದ. ಪಾಪ, ಬಂದಿದ್ದೇ ತಪ್ಪು. ಅದಕ್ಕೆ ಮೂರು ವರ್ಷ ಮೊದಲು ಒಬ್ಬ ಇರಾನಿ ಸೇಂಟ್ ಕಿಟ್ಸ್‌ನ ಡಿಪ್ಲೊಮ್ಯಾಟಿಕ್ ಪಾಸ್‌ಪೋರ್ಟ್ ಹಿಡ್ಕೊಂಡು ಟೊರಾಂಟೊ ಏರ್‌ಪೋರ್ಟಲ್ಲಿ ಇಳಿದು, ಕೆನಡಾ ಪ್ರಧಾನಿಯನ್ನ ನೋಡೋಕೆ ಬಂದಿದೀನಿ, ಈ ಪಾಸ್‌ಪೋರ್ಟಿಗೆ ಹತ್ತು ಲಕ್ಷ ಡಾಲರ್ ಕೊಟ್ಟಿದೀನಿ ಅಂದಿದ್ದ. ಮರುವರ್ಷ ಕೆನಡಾ ಸೇಂಟ್ ಕಿಟ್ಸ್‌ನವ್ರಿಗೆಲ್ಲ ವೀಸಾ ಕಡ್ಡಾಯ ಮಾಡ್ತು. ಆಗ ಗೊತ್ತಾಗಿದ್ದು ಏನಂದ್ರೆ ಆ ಪಾಸ್‌ಪೋರ್ಟುಗಳಲ್ಲಿ ಹುಟ್ಟಿದ ಊರಿನ ಕಾಲಮ್ಮೇ ತೆಗ್ದಿದ್ರು, ಆಮೇಲೆ ಎಲ್ಲಾ ವಾಪಸ್ ತರಿಸ್ಕೊಂಡು ಹೊಸದಾಗಿ ಪ್ರಿಂಟ್ ಹಾಕ್ಬೇಕಾಯ್ತು.

ಇಷ್ಟೊತ್ತಿಗೆ ನೀವು ಮೆಹುಲ್ ಚೋಕ್ಸಿ ಎಲ್ಲಿ ಅಂತ ಕೇಳ್ತಿರ್ತೀರಿ. ಬಂದ್ರು. ಪಂಜಾಬ್ ನ್ಯಾಷನಲ್ ಬ್ಯಾಂಕಿಗೆ 13 ಸಾವಿರ ಕೋಟಿಗೂ ಜಾಸ್ತಿ ವಂಚನೆ ಅನ್ನೋ ಕೇಸಲ್ಲಿ ಆರೋಪಿ. ಅವರ ಕಂಪನಿ ವ್ಯವಹಾರ ಸರಿ ಇಲ್ಲ ಅಂತ ನಮ್ಮ ಬೆಂಗಳೂರಿನ ಒಬ್ಬ ವ್ಯಾಪಾರಿ 2016ರಲ್ಲೇ ಪ್ರಧಾನಿ ಕಚೇರಿಗೆ ಪತ್ರ ಬರೆದಿದ್ರು, ಅದು ಒಂದು ಆಫೀಸಿಂದ ಇನ್ನೊಂದು ಆಫೀಸಿಗೆ ಹೋಗಿ ಅಲ್ಲೇ ಮುಕ್ತಾಯ ಆಯ್ತು. 2017ರ ನವೆಂಬರಲ್ಲಿ ಚೋಕ್ಸಿಗೆ ಆಂಟಿಗುವಾ ಪೌರತ್ವ ಸಿಕ್ತು, 2018ರ ಜನವರಿ ಮೊದಲ ವಾರ ದೇಶ ಬಿಟ್ರು, ಅದೇ ತಿಂಗಳ 15ಕ್ಕೆ ಅಲ್ಲಿ ಪ್ರಮಾಣವಚನ, ತಿಂಗಳ ಕೊನೆಗೆ ಬ್ಯಾಂಕಿನವ್ರಿಗೆ ಜ್ಞಾನೋದಯ. ಇಂಥೋರಿಗೆ ಹೇಗೆ ಕೊಟ್ರಿ ಅಂದ್ರೆ ಆಂಟಿಗುವಾದವ್ರು, ನಿಮ್ಮ ಕಡೆಯಿಂದಾನೇ ಕ್ಲೀನ್ ಅಂತ ರಿಪೋರ್ಟ್ ಬಂದಿತ್ತಲ್ಲ ಅಂದ್ರು. ನಮ್ಮಲ್ಲಿ ಎರಡು ಪೌರತ್ವ ನಡಿಯಲ್ಲ ತಾನೇ, ಹಾಗಾಗಿ 2019ರಲ್ಲಿ ಚೋಕ್ಸಿ ಗಯಾನಾದ ಭಾರತೀಯ ಹೈಕಮಿಷನ್‌ಗೆ ಹಳೇ ಪಾಸ್‌ಪೋರ್ಟ್ ಒಪ್ಪಿಸಿದ್ರು, ಜೊತೆಗೆ 177 ಡಾಲರ್ ಡಿಡಿ. ಅಲ್ಲಿ ಒಳಗೆ ಹೋಗೋಕೆ ಲಕ್ಷದ ಲೆಕ್ಕ, ನಮ್ಮಿಂದ ಹೊರಗೆ ಹೋಗೋಕೆ 177. ಎಕ್ಸಿಟ್ ಫೀಸ್ ವಿಷಯದಲ್ಲಿ ನಾವು ವ್ಯಾಪಾರ ಕಲಿತೇ ಇಲ್ಲ.

2021ರ ಮೇ 23ಕ್ಕೆ ಅವರು ಆಂಟಿಗುವಾದಿಂದ ಕಾಣೆಯಾಗಿ ಡೊಮಿನಿಕಾದಲ್ಲಿ ಸಿಕ್ಕಿದ್ರು. ನನ್ನನ್ನ ಕಿಡ್ನ್ಯಾಪ್ ಮಾಡಿ ದೋಣಿಲಿ ತಂದ್ರು ಅಂತ ಅವರು, ತಾನಾಗೇ ಬಂದ ಅಂತ ಡೊಮಿನಿಕಾದವ್ರು. ಅದೇ ವರ್ಷ ಫೆಬ್ರವರಿಲಿ ಭಾರತ ಡೊಮಿನಿಕಾಗೆ 70 ಸಾವಿರ ಡೋಸ್ ಕೋವಿಡ್ ಲಸಿಕೆ ಕಳಿಸಿತ್ತು, ಸಂಬಂಧ ಚೆನ್ನಾಗೇ ಇತ್ತು, ಆಂಟಿಗುವಾ ಪ್ರಧಾನಿ ಬೇರೆ ನಮ್ಮ ಹತ್ರ ವಾಪಸ್ ಕಳಿಸ್ಬೇಡಿ, ಸೀದಾ ಇಂಡಿಯಾಗೇ ಕಳ್ಸಿ ಅಂದ್ರು, ಕರ್ಕೊಂಡು ಬರೋಕೆ ಅಂತ ಸ್ಪೆಷಲ್ ಜೆಟ್ಟೂ ಹೋಗಿ ಇಳೀತು, ಕೆಲವು ದಿನ ನಿಂತು ಖಾಲಿ ವಾಪಸ್ ಬಂತು. ಯಾಕಂದ್ರೆ ಡೊಮಿನಿಕಾ ಅವರ ಮೇಲೆ ಕೇಸ್ ಹಾಕಿತ್ತು. ಏನ್ ಕೇಸು? ಅಕ್ರಮ ಪ್ರವೇಶ. ಬರದೇ ಇರೋ ಯಾರಿಗೆ ಬೇಕಾದ್ರೂ ಪೌರತ್ವ ಮಾರೋ ದೇಶದೊಳಗೆ ಬಂದಿದ್ದೇ ಅಪರಾಧ. ಅದರ ಮೇಲೆ ಆಸಾಮಿ ತಗೊಂಡಿದ್ದು ಪಕ್ಕದ ಅಂಗಡಿ ಮಾಲು. ಜುಲೈಲಿ ಚಿಕಿತ್ಸೆ ಕಾರಣಕ್ಕೆ ಬೇಲ್ ಸಿಕ್ಕಿ ಆಂಟಿಗುವಾಗೆ ಹೋದ್ರು, ಮರುವರ್ಷ ಡೊಮಿನಿಕಾ ಕೇಸ್ ಕೈಬಿಡ್ತು, 2025ರ ಏಪ್ರಿಲ್‌ನಲ್ಲಿ ಬೆಲ್ಜಿಯಂನಲ್ಲಿ ಅರೆಸ್ಟ್ ಆದ್ರು.

ಚುನಾವಣೆ ವಿಷಯ ಬೇಗ ಮುಗಿಸ್ತೀನಿ, ಅಲ್ಲೂ ಬೇಗ ಮುಗಿಸಿದ್ರು. ರೂಸ್‌ವೆಲ್ಟ್ ಸ್ಕೆರಿಟ್ ಅನ್ನೋರು 2004ರ ಜನವರಿಲಿ 31ನೇ ವಯಸ್ಸಿಗೆ ಪ್ರಧಾನಿ ಆದವ್ರು ಇನ್ನೂ ಎದ್ದಿಲ್ಲ. ಮತದಾರರ ಪಟ್ಟೀಲಿ ಯಾವತ್ತೋ ಊರು ಬಿಟ್ಟವ್ರು, ಲೋಕಾನೇ ಬಿಟ್ಟವ್ರು ಎಲ್ಲಾ ಹಾಗೇ ಇದಾರೆ. ಊರು ಬಿಟ್ಟವ್ರನ್ನ ಚುನಾವಣೆ ಹೊತ್ತಿಗೆ ಟಿಕೆಟ್ ಕೊಟ್ಟು ಕರೆಸ್ಕೋತಾರೆ ಅನ್ನೋ ದೂರು ಹಳೇದು, ಲೋಕ ಬಿಟ್ಟವ್ರಿಗೆ ಇನ್ನೂ ಫ್ಲೈಟ್ ಸಿಕ್ಕಿಲ್ಲ. ಮೊದಲು ಪಟ್ಟಿ ಸರಿ ಮಾಡಿ ಅಂತ ವಿರೋಧ ಪಕ್ಷದವ್ರು ಹಠ ಹಿಡಿದ್ರು. ಸರ್ಕಾರ ಅವಧಿಗೆ ಎರಡು ವರ್ಷ ಬಾಕಿ ಇರೋವಾಗ್ಲೇ, 2022ರ ಡಿಸೆಂಬರ್ 6ಕ್ಕೆ ಚುನಾವಣೆ ಇಟ್ಬಿಡ್ತು. ಅವರು ಬಹಿಷ್ಕಾರ ಹಾಕಿದ್ರು. ಕೆಲವು ಕ್ಷೇತ್ರದಲ್ಲಿ ಎದುರಾಳೀನೇ ಇಲ್ಲ, 21ರಲ್ಲಿ 19 ಆಳೋ ಪಕ್ಷಕ್ಕೆ, ಉಳಿದ ಇಬ್ಬರು ಪಕ್ಷೇತರರು. ಆ ಇಬ್ಬರಲ್ಲಿ ಒಬ್ರು ವಿರೋಧ ಪಕ್ಷದ ನಾಯಕಿ ಆದ್ರು. ಅವರು ಸದನದಲ್ಲಿ ಯಾರಿಗೆ ನಾಯಕಿ ಅಂತ ನೀವೇ ಕಳೆದು ನೋಡ್ಕೊಳ್ಳಿ.

2023ರ ಜುಲೈನಲ್ಲಿ ಬ್ರಿಟನ್ ಡೊಮಿನಿಕಾದವ್ರಿಗೆ ವೀಸಾ ಇಲ್ದೆ ಬರೋ ಸೌಲಭ್ಯ ಕಿತ್ತಾಕ್ತು, ಕಾರಣ ಈ ಪಾಸ್‌ಪೋರ್ಟ್ ಮಾರಾಟಾನೇ. ಮಾಲಿನ ಮುಖ್ಯ ಆಕರ್ಷಣೆ ಹೋದ್ಮೇಲೆ ರೇಟ್ ಇಳೀಬೇಕಲ್ವಾ, 2024ರ ಜುಲೈಗೆ ಒಂದು ಲಕ್ಷ ಡಾಲರ್ ಇದ್ದಿದ್ದು ಎರಡು ಲಕ್ಷ ಆಯ್ತು, ನಮ್ಮ ದುಡ್ಡಲ್ಲಿ ಒಂದೂಮುಕ್ಕಾಲು ಕೋಟಿ ಆಸುಪಾಸು. ನಾಲ್ಕು ದ್ವೀಪದವ್ರು ಕೂತು ಮಾತಾಡ್ಕೊಂಡು, ಇದಕ್ಕಿಂತ ಕಡಿಮೆಗೆ ಮಾರಬಾರದು ಅಂತ ಒಪ್ಪಂದ ಮಾಡ್ಕೊಂಡಿದ್ರು. ದುಬೈಲೋ ಶಾಂಘೈಲೋ ಕೂತು ಡೊಮಿನಿಕಾ ಪ್ರಜೆ ಆದವನಿಗೆ ಬ್ರಿಟನ್ ಬಾಗಿಲು ಮುಚ್ಚಿದ್ರೆ ಇನ್ನೊಂದು ದೇಶ ತಗೋತಾನೆ, ಅವನ ಹತ್ರ ದುಡ್ಡಿದೆ. ಆದ್ರೆ ಅಲ್ಲೇ ಹುಟ್ಟಿ, ಅಲ್ಲೇ ಬಾಳೆ ಬೆಳೆದು, ಮರಿಯಾದಲ್ಲಿ ಛಾವಣಿ ಕಳ್ಕೊಂಡು, ಮಚ್ಚೆ ಪ್ಯಾಂಟ್ ಒಂದಿನಾನೂ ಹಾಕದೇ ಬದುಕಿದ ಯಾವುದೋ ಅಜ್ಜಿ, ಲಂಡನ್ನಿನಲ್ಲಿ ನರ್ಸ್ ಆಗಿರೋ ಮಗಳನ್ನ ನೋಡೋಕೆ ಹೋಗ್ಬೇಕು ಅಂದ್ರೆ ಈಗ ಫಾರ್ಮ್ ತುಂಬಿ, ಫೀಸ್ ಕಟ್ಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿ, ವಾಪಸ್ ಬಂದೇ ಬರ್ತೀನಿ ಅಂತ ನಂಬಿಸಿ ವೀಸಾ ತಗೋಬೇಕು. ಇದೆಲ್ಲಾ ತಲೆನೋವು ಬೇಡ ಅಂದ್ರೆ ಅಜ್ಜಿಗೆ ಇನ್ನೊಂದು ದಾರಿ ಇದೆ, ಗ್ರೆನಡಾ ಪಾಸ್‌ಪೋರ್ಟಿಗೆ ಬ್ರಿಟನ್ ಇನ್ನೂ ಹಾಗೆ ಮಾಡಿಲ್ಲ, 2,35,000 ಡಾಲರ್ ಅಷ್ಟೇ.